ಕಂಪೈಲರ್ ಬದಲಾದಾಗ ಮುರಿದ ಜೋಡಣೆ

ಒಂದು ಬಗೆಯ ಪ್ರೊಸೆಸರ್‌ಗೆ ಬರೆದ ಪ್ರೋಗ್ರಾಂ ಇನ್ನೊಂದರ ಮೇಲೆ ಓಡಬೇಕಾದರೆ ನಡುವೆ ಎಮ್ಯುಲೇಟರ್ ಬೇಕು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಅಂಥದ್ದು.

ಬೆಲ್ಲಾರ್ ಹೂಡಿದ ಉಪಾಯ ನಿಜಕ್ಕೂ ಸೊಗಸಾದದ್ದು. ಪ್ರೊಸೆಸರ್‌ನ ಪ್ರತಿ ಸಣ್ಣ ಕೆಲಸಕ್ಕೂ ಸಿ ಭಾಷೆಯಲ್ಲಿ ಪುಟ್ಟ ಫಂಕ್ಷನ್ ಬರೆದು, ಜಿಸಿಸಿ ಕಂಪೈಲರ್‌ನಿಂದ ಯಂತ್ರಭಾಷೆಗೆ ಇಳಿಸುವುದು. ಓಡುವಾಗ ಆ ತುಂಡುಗಳನ್ನು ನಕಲು ಮಾಡಿ ಒಂದರ ಹಿಂದೊಂದು ಜೋಡಿಸುವುದು. ಹೊಸ ಪ್ರೊಸೆಸರ್‌ಗೆ ಒಗ್ಗಿಸುವ ಶ್ರಮದ ಬಹುಪಾಲನ್ನು ಕಂಪೈಲರೇ ಹೊರುತ್ತಿತ್ತು. ಆದರೆ ತುಂಡಿನ ‘ರಿಟರ್ನ್’ ಆದೇಶ ಕಟ್ಟಕಡೆಯಲ್ಲೇ ಇರಬೇಕಿತ್ತು. ಅದನ್ನು ಕತ್ತರಿಸಿದರಷ್ಟೇ ಮುಂದಿನ ತುಂಡು ಕೂಡಿಕೊಳ್ಳುತ್ತಿತ್ತು. ಜಿಸಿಸಿ 4 ಆದೇಶಗಳ ಕ್ರಮವನ್ನು ಬದಲಿಸಿದಾಗ ರಿಟರ್ನ್ ನಡುವೆಯೂ ಬರತೊಡಗಿತು. ಜೋಡಣೆ ಮುರಿಯಿತು.

ಇದು ಕಂಪೈಲರ್‌ನ ತಪ್ಪಲ್ಲ. ಸಿ ಭಾಷೆ ಅಂಥ ಭರವಸೆಯನ್ನು ಕೊಟ್ಟೇ ಇರಲಿಲ್ಲ. ಕ್ಯೂಎಮು ಕಟ್ಟುವವರು ಅದಕ್ಕೆಂದೇ ಹಳೆಯ ಜಿಸಿಸಿ 3 ಇಟ್ಟುಕೊಳ್ಳಬೇಕಾಯಿತು.

ಈ ಜೋಡಣೆಯ ಬದಲಿಗೆ 2008ರಲ್ಲಿ ಕ್ಯೂಎಮುವಿಗೆ ಬಂದ ಟಿಸಿಜಿ ಎಂಬ ಭಾಗ ಯಂತ್ರಭಾಷೆಯನ್ನು ತಾನೇ ಹೆಣೆಯುತ್ತದೆ. ಪ್ರತಿ ಪ್ರೊಸೆಸರ್‌ಗೂ ಕೈಯಾರೆ ಬರೆಯುವ ಕೆಲಸ ಹೆಚ್ಚಾಯಿತು. ಆದರೂ ಸರಿಯಾದ ದಾರಿ ಅದೇ.

ಕ್ಯೂಎಮು ಬೇರೆ ಬೇರೆ ಯಂತ್ರಗಳ ಮೇಲೂ ಓಡಬೇಕಾದ್ದರಿಂದ ತೊಡಕು ಅಲ್ಲಿಗೇ ಮುಗಿಯಲಿಲ್ಲ. ಸಿ ಭಾಷೆಯಲ್ಲಿ ಎಂಟು ಬಿಟ್‌ಗಳೂ 1 ಆಗಿರುವ ‘ಚಾರ್’ ಅನ್ನು ಎಕ್ಸ್86 ಲಿನಕ್ಸ್‌ನಲ್ಲಿ ಜಿಸಿಸಿ -1 ಎಂದು ಓದಿದರೆ, ಆರ್ಮ್ ಲಿನಕ್ಸ್‌ನಲ್ಲಿ 255 ಎಂದು ಓದುತ್ತದೆ. 2020ರಲ್ಲಿ ಬಂದ ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಂತೂ, ಮೆಮೊರಿಯ ಒಂದೇ ಪುಟಕ್ಕೆ ಕೋಡ್ ಬರೆಯುವುದನ್ನೂ ಅದನ್ನು ಓಡಿಸುವುದನ್ನೂ ಒಟ್ಟಿಗೆ ಮಾಡುವಂತಿಲ್ಲ. ಎಮ್ಯುಲೇಟರ್ ಪ್ರತಿ ಬಾರಿಯೂ ಅನುಮತಿಯನ್ನು ಅದಲುಬದಲು ಮಾಡಿಕೊಳ್ಳಬೇಕು.