ಅಂಚು ತೀಡುವ ಬೆರಳು

ಮಳೆಗಾಲದ ಗೋಕಾಕ ಫಾಲ್ಸ್‌ನಲ್ಲಿ ಕೆಮ್ಮಣ್ಣು ಕಲೆತ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಬಂಡೆಗೆ ಗಡುಸಾದ ಅಂಚಿದೆ, ಮೇಲೇಳುವ ತುಂತುರಿಗೆ ಅಂಚೇ ಇಲ್ಲ. ಇಂಥ ದೃಶ್ಯವನ್ನು ಕಂಪ್ಯೂಟರಿನಲ್ಲಿ ಬಿಡಿಸುವವರೂ ತಿದ್ದುವವರೂ ಎಲ್ಲಿ ತೀಡಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ನಿರ್ಧರಿಸಲೇಬೇಕು. ತೀಡುವ ಉಪಕರಣ ಹುಟ್ಟಿಬಂದ ದಾರಿ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಇದ್ದಿಲಿನ ಗೆರೆಯನ್ನು ಬೆರಳಿನಿಂದ ಉಜ್ಜಿ ನೆರಳು ಮಾಡುವುದು ಕಲಾವಿದರ ಹಳೆಯ ರೂಢಿ. ಲಿಯೊನಾರ್ಡೊ ಡಾ ವಿಂಚಿ ಬಣ್ಣದ ತೆಳು ಪದರಗಳಿಂದ ಮುಖದ ಅಂಚುಗಳನ್ನೇ ಕರಗಿಸಿದ. 1973ರಲ್ಲಿ ರಿಚರ್ಡ್ ಶೂಪ್ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸೂಪರ್‌ಪೇಂಟ್ ಎಂಬ ಚಿತ್ರ ಬಿಡಿಸುವ ವ್ಯವಸ್ಥೆ ರೂಪಿಸಿ ಪರದೆಯನ್ನು ಕ್ಯಾನ್ವಾಸ್ ಮಾಡಿದರು. 1984ರಲ್ಲಿ ಪೋರ್ಟರ್ ಮತ್ತು ಡಫ್ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸುವ ಗಣಿತವನ್ನು ಕ್ರಮಬದ್ಧಗೊಳಿಸಿದರು. 1990ರಲ್ಲಿ ಚಿತ್ರ ತಿದ್ದುವ ತಂತ್ರಾಂಶವಾದ ನೋಲ್ ಸಹೋದರರ ಫೋಟೊಶಾಪ್ ಬಂದಾಗ ಅದರಲ್ಲಿ ತೀಡುವ ಉಪಕರಣವಾದ ಸ್ಮಜ್ ಟೂಲ್ ಇತ್ತು. ಅದರ ಗುರುತು ಇಂದಿಗೂ ಬೆರಳೇ. ಇದರ ಬ್ರಷ್ ತನ್ನಡಿಯ ಬಣ್ಣವನ್ನು ಎತ್ತಿಕೊಂಡು ಮುಂದಿನ ಪಿಕ್ಸೆಲ್‌ಗಳ ಜತೆ ಬೆರೆಸುತ್ತ ಸಾಗುತ್ತದೆ. ಅದರ ಸ್ಟ್ರೆಂತ್ ಎಂಬ ಸೆಟ್ಟಿಂಗ್ ಶೇ. 100 ಇದ್ದರೆ ಮೊದಲು ಎತ್ತಿದ ಬಣ್ಣವೇ ಕೊನೆಯವರೆಗೂ ಹರಡುತ್ತದೆ, ಕಡಿಮೆ ಇದ್ದರೆ ಬೇಗ ಕರಗುತ್ತದೆ. 2010ರ ಫೋಟೊಶಾಪ್ ಸಿಎಸ್5ರಲ್ಲಿ ಬಂದ ಮಿಕ್ಸರ್ ಬ್ರಷ್ ಬಣ್ಣದ ಹಸಿತನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಹೀಗೆ ಬೆಳೆದು ಬಂದದ್ದು ಚಿತ್ರಕಾರನ ಕೈ, ಕ್ಯಾಮೆರಾದ ಕಣ್ಣಲ್ಲ.

ಶಟರ್ ನಿಧಾನವಾಗಿಸಿದರೆ ಕ್ಯಾಮೆರಾವೇ ನೀರನ್ನು ರೇಷ್ಮೆಯಂತೆ ನಯಗೊಳಿಸುತ್ತದೆ, ಬ್ರಷ್ ಮಾಡಿದರೆ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ವ್ಯತ್ಯಾಸ ದೊಡ್ಡದು. ಕ್ಯಾಮೆರಾ ಅಲುಗದಿದ್ದರೆ ಶಟರ್ ಚಲಿಸಿದ್ದನ್ನಷ್ಟೇ ಮಸುಕಾಗಿಸುತ್ತದೆ. ಪಕ್ಕದ ಬಂಡೆ ಬಂಡೆಯಾಗಿಯೇ ಉಳಿಯುತ್ತದೆ. ಬ್ರಷ್‌ಗೆ ಆ ವಿವೇಚನೆಯಿಲ್ಲ. ಅದು ಗೋಕಾಕ ಫಾಲ್ಸ್‌ನ ತೂಗುಸೇತುವೆಯ ತಂತಿಯನ್ನೂ ಅಂಚಿನಲ್ಲಿ ನಿಂತ 19ನೇ ಶತಮಾನದ ಗಿರಣಿಯನ್ನೂ ಅಷ್ಟೇ ಸುಲಭವಾಗಿ ಮಂಜಿನಲ್ಲಿ ಅಳಿಸಬಲ್ಲದು. ಪ್ರಕೃತಿಯನ್ನು ಶುದ್ಧವಾಗಿ ತೋರಿಸುವ ಆಸೆ ಒಳ್ಳೆಯದೇ ಇರಬಹುದು. ಆದರೆ ಈ ನೀರಿನ ಬಲವನ್ನು ನೆಚ್ಚಿಯೇ ಇಲ್ಲಿ ಗಿರಣಿ ಬಂದಿತು, ಊರು ಬೆಳೆಯಿತು. ಆ ಗಿರಣಿಯನ್ನು ಅಳಿಸಿದ ಫೋಟೊ ಗೋಕಾಕ ಫಾಲ್ಸ್‌ನದ್ದಾಗಿ ಉಳಿಯದು. ಹಾಗೆಂದು ಉಪಕರಣವನ್ನೇ ದೂರುವುದೂ ಸರಿಯಲ್ಲ. ಚಿತ್ರಕಲೆಯಲ್ಲಿ ಅದಕ್ಕೆ ಪೂರ್ಣ ಸ್ವಾತಂತ್ರ್ಯವಿರಲಿ. ಫೋಟೊದಲ್ಲಿ ತೀಡುವುದಾದರೆ ಬೇರೆ ಲೇಯರ್ ಮೇಲೆ ತೀಡಿ ಮೂಲವನ್ನು ಹಾಗೇ ಉಳಿಸಬೇಕು, ತಿದ್ದಿದ್ದನ್ನು ನೋಡುಗರಿಗೆ ಹೇಳಬೇಕು.