ಪಿಡಿಎಫ್ ಎಂದು ಬಂದ ಫೈಲ್ ನಿಜಕ್ಕೂ ಪಿಡಿಎಫ್ಫೇ? ಇಂಟರ್ನೆಟ್ ಶಾರ್ಟ್‌ಕಟ್ ತೆರೆಯುವ ಮುನ್ನ ಇದನ್ನು ನೋಡಿ

ಇಮೇಲ್‌ನಲ್ಲಿ ಬಂದ ಫೈಲ್‌ನ ಹೆಸರು 'ಬಿಲ್.ಪಿಡಿಎಫ್' ಎಂದಿದೆ. ಐಕಾನ್ ಕೂಡ ಪಿಡಿಎಫ್‌ನದ್ದೇ. ಆದರೆ ಐಕಾನ್‌ನ ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಇದ್ದರೆ ಡಬಲ್ ಕ್ಲಿಕ್ ಮಾಡಬೇಡಿ. ಅದು ಇಂಟರ್ನೆಟ್ ಶಾರ್ಟ್‌ಕಟ್ ಆಗಿರುವ ಸಾಧ್ಯತೆ ಇದೆ.

ಇಂಟರ್ನೆಟ್ ಶಾರ್ಟ್‌ಕಟ್ ಎಂದರೆ ವೆಬ್ ಪುಟದ ವಿಳಾಸ ಬರೆದಿಟ್ಟ ಚೀಟಿ, ಅಷ್ಟೇ. ಬ್ರೌಸರ್‌ನ ವಿಳಾಸದ ಎಡಬದಿಯಲ್ಲಿರುವ ಐಕಾನ್ ಅನ್ನು ಡೆಸ್ಕ್‌ಟಾಪ್‌ಗೆ ಎಳೆದು ತಂದರೆ ಇಂಥದ್ದೊಂದು ಫೈಲ್ ತಯಾರಾಗುತ್ತದೆ. ವಿಂಡೋಸ್‌ನಲ್ಲಿ ಇದರ ವಿಸ್ತರಣೆ '.ಯುಆರ್‌ಎಲ್'. ಒಳಗಿರುವುದು ಕೆಲವೇ ಸಾಲು ಪಠ್ಯ. ಪುಟ ಅದರಲ್ಲಿ ಇರುವುದಿಲ್ಲ. ಟಿಕೆಟ್ ಪುಟವನ್ನು ಹೀಗೆ ಉಳಿಸಿಕೊಂಡು 'ಸೇವ್ ಆಯಿತು' ಎಂದು ನಂಬಿದರೆ, ನೆಟ್ ಇಲ್ಲದ ಕಡೆ ಪರದಾಡಬೇಕಾಗುತ್ತದೆ.

ತೊಂದರೆ ಶುರುವಾಗುವುದು ಹೆಸರಿನಿಂದ. ಫೈಲ್‌ಗಳ ವಿಸ್ತರಣೆ ಕಾಣುವಂತೆ ನೀವು ಸೆಟ್ಟಿಂಗ್ ಬದಲಿಸಿದ್ದರೂ ವಿಂಡೋಸ್ '.ಯುಆರ್‌ಎಲ್' ಅನ್ನು ಮರೆಮಾಚುತ್ತದೆ. ಹೀಗಾಗಿ 'ಬಿಲ್.ಪಿಡಿಎಫ್.ಯುಆರ್‌ಎಲ್' ಕಣ್ಣಿಗೆ 'ಬಿಲ್.ಪಿಡಿಎಫ್' ಆಗಿಯೇ ಕಾಣುತ್ತದೆ. ಯಾವ ಐಕಾನ್ ತೋರಿಸಬೇಕು ಎಂಬುದನ್ನೂ ಫೈಲ್ ಒಳಗೇ ಬರೆಯಬಹುದು. ವಂಚಕರಿಗೆ ಇನ್ನೇನು ಬೇಕು!

ಇದು ಬರೀ ಊಹೆಯಲ್ಲ. ಪಿಡಿಎಫ್ ವೇಷದ ಇಂಥ ಶಾರ್ಟ್‌ಕಟ್‌ಗಳು ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಎಬ್ಬಿಸಿ ದಾಳಿಗೆ ದಾರಿ ಮಾಡಿಕೊಡುತ್ತಿದ್ದುದನ್ನು ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಪತ್ತೆ ಹಚ್ಚಿದರು. 2022ರ ಜೂನ್‌ನಲ್ಲೇ ನಿವೃತ್ತಿಯಾಗಿದ್ದ ಬ್ರೌಸರ್ ಅದು! ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಈ ದೋಷ ಸರಿಪಡಿಸಿತು. ವಿಂಡೋಸ್ ಅಪ್‌ಡೇಟ್ ಮುಂದೂಡುತ್ತಲೇ ಬಂದವರಿಗೆ ಈ ರಕ್ಷಣೆ ಸಿಕ್ಕಿರುವುದಿಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ಆಯ್ಕೆ ಮಾಡಿ. ಫೈಲ್‌ನ ವಿಧ 'ಇಂಟರ್ನೆಟ್ ಶಾರ್ಟ್‌ಕಟ್' ಎಂದಿದ್ದರೆ 'ವೆಬ್ ಡಾಕ್ಯುಮೆಂಟ್' ಟ್ಯಾಬ್‌ನಲ್ಲಿ ಅದು ಕರೆದೊಯ್ಯುವ ವಿಳಾಸ ಕಾಣುತ್ತದೆ. ವಿಳಾಸ 'ಎಚ್‌ಟಿಟಿಪಿಎಸ್' ಎಂದು ಶುರುವಾಗಿ, ನಿಮಗೆ ಗೊತ್ತಿರುವ ತಾಣದ್ದೇ ಆಗಿದ್ದರೆ ತೆರೆಯಬಹುದು. 'ಫೈಲ್' ಅಥವಾ 'ಎಂಎಚ್‌ಟಿಎಂಎಲ್' ಎಂದು ಶುರುವಾಗಿದ್ದರೆ ಅಳಿಸಿಬಿಡಿ. ಬಿಲ್ ಕಳುಹಿಸುವವರು ಬಿಲ್ಲನ್ನೇ ಕಳುಹಿಸುತ್ತಾರೆ, ಶಾರ್ಟ್‌ಕಟ್ ಅಲ್ಲ.

ಆ್ಯಪಲ್ ಮ್ಯಾಕ್‌ನಲ್ಲಿ ಇದೇ ಕೆಲಸ ಮಾಡುವ ಫೈಲ್‌ನ ವಿಸ್ತರಣೆ '.ವೆಬ್‌ಲಾಕ್'. ಅದನ್ನು ವಿಂಡೋಸ್‌ಗೆ ಕಳುಹಿಸಿದರೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಸ್ನೇಹಿತರಿಗೆ ಫೈಲ್ ಬದಲು ಲಿಂಕ್ ಅನ್ನೇ ಕಾಪಿ ಮಾಡಿ ಕಳುಹಿಸಿ, ಮೊಬೈಲ್‌ನಲ್ಲೂ ತೆರೆಯುತ್ತದೆ.