ಅಂಬಾಸಿಡರ್ ತಳಕ್ಕೆ ಹೊಸ ತಗಡು

ನವಲಗುಂದದ ಎರಿ ಮಣ್ಣು ಹತ್ತಿ, ಕಡಲೆಗೆ ಎಷ್ಟು ಒಳ್ಳೆಯದೋ ಹಳೆ ಕಾರಿನ ತಳಕ್ಕೆ ಅಷ್ಟೇ ಕೆಟ್ಟದ್ದು. ಮಳೆಗಾಲದಲ್ಲಿ ಚಕ್ರದಿಂದ ಸಿಡಿದ ಕೆಸರು ಸಂದಿಗಳಲ್ಲಿ ಮೆತ್ತಿಕೊಂಡು, ಮೇಲೆ ಒಣಗಿದರೂ ಒಳಗೆ ಹಸಿ ಹಿಡಿದಿರುತ್ತದೆ. ಮ್ಯಾಟಿನ ಕೆಳಗೂ ನೀರು ನಿಂತರೆ ತಗಡಿಗೆ ಎರಡೂ ಬದಿಯಿಂದ ಜಂಗು ಹತ್ತುತ್ತದೆ.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತಳದ ತಗಡೂ ಭಾರ ಹೊರುತ್ತದೆ. ಆದ್ದರಿಂದ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದ ಮೇಲೆಯೇ ಕೊಯ್ತಕ್ಕೆ ಕೈ ಹಾಕಬೇಕು, ಅದೂ ಒಮ್ಮೆಗೆ ಒಂದೇ ಬದಿ. ಇಲ್ಲದಿದ್ದರೆ ಬಾಡಿ ಜೋತುಬಿದ್ದು, ಆಮೇಲೆ ಬಾಗಿಲು ಕೂಡುವುದಿಲ್ಲ.

ಬ್ಯಾಟರಿ, ಸೀಟು, ವೈರು, ಪೆಟ್ರೋಲ್ ಪೈಪು, ಟ್ಯಾಂಕು ಎಲ್ಲ ಮೊದಲು ಹೊರಗೆ. ತಳದ ಡಾಂಬರು ಲೇಪ ಕೆರೆಯದೆ ಬೆಸುಗೆ ಹಚ್ಚಬೇಡಿ. ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಹೋಗಿ, ಗಟ್ಟಿ ತಗಡು ಸಿಗುವವರೆಗೆ ಕೊಯ್ಯಿರಿ. ತೂತು ಚಿಕ್ಕದಿದ್ದರೂ ಕೊಯ್ತ ದೊಡ್ಡದಾಗುತ್ತದೆ. ಕೊಳೆತ ಅಂಚಿಗೆ ಬೆಸುಗೆ ನಿಲ್ಲುವುದಿಲ್ಲ.

ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಹಳೆಯದರಷ್ಟೇ ದಪ್ಪದ, ಸುಮಾರು 1 ಮಿಲಿಮೀಟರ್ ಕಬ್ಬಿಣದ ತಗಡು ತನ್ನಿ. ಸತು ಲೇಪದ ಜಿಐ ತಗಡು ಬೇಡವೇ ಬೇಡ. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಹಳೆಯ ತಗಡಿನ ಉಬ್ಬುಗೆರೆಗಳನ್ನೂ ಹೊಸದರಲ್ಲಿ ಬಡಿದು ಮೂಡಿಸಿ. ಬಿಗಿ ಬರುವುದು ಅವುಗಳಿಂದಲೇ.

ಗೇಟು, ಟ್ರೇಲರ್ ಬೆಸೆಯುವ ಕಡ್ಡಿ ವೆಲ್ಡಿಂಗ್ ಇಲ್ಲಿ ತೂತು ಕೊರೆದುಬಿಡುತ್ತದೆ. 0.8 ಮಿಲಿಮೀಟರ್ ತಂತಿಯ ಮಿಗ್ ಯಂತ್ರ ಬೇಕು. ಮೊದಲು ಮೂಲೆಗಳಿಗೆ ಟಾಕಾ, ಆಮೇಲೆ ಎದುರುಬದುರಾಗಿ, ಇಂಚಿಗೊಂದರಂತೆ. ಒಂದೇ ಕಡೆ ಉದ್ದಕ್ಕೆ ಎಳೆದರೆ ಕಾವಿಗೆ ತಗಡು ಹಪ್ಪಳದಂತೆ ಸುರುಟುತ್ತದೆ. ಕೈ ಹಿಡಿಯುವಷ್ಟು ಆರಿದ ಮೇಲೆ ನಡುವಿನ ಜಾಗ ತುಂಬಿ. ಆರುವವರೆಗೆ ಕಾಯುವುದೇ ಈ ಕೆಲಸದ ಅರ್ಧ ಭಾಗ. ಒಂದು ಬದಿಗೆ ಒಂದು ದಿನ ಹಿಡಿದರೂ ಅವಸರ ಮಾಡಬಾರದು. ಪಕ್ಕದಲ್ಲಿ ನೀರಿನ ಬಕೆಟ್, ಒದ್ದೆ ಗೋಣಿಚೀಲ ಇರಲಿ.

ತಗಡಿನ ಮೇಲೆ ತಗಡು ಹೊಂದಿಸಿದಲ್ಲಿ ಆ ಸಂದಿಯೇ ಮುಂದೆ ನೀರಿನ ಮನೆ. ಬೆಸುಗೆಗೆ ಮೊದಲೇ ಅಲ್ಲಿ ಸತುವಿನ ಪ್ರೈಮರ್, ಆಮೇಲೆ ಎರಡೂ ಕಡೆ ಸೀಲರ್, ಕೆಳಗೆ ಲೇಪ. ನೀರು ಬಸಿಯುವ ತೂತುಗಳನ್ನು ಮಾತ್ರ ಲೇಪದಿಂದ ಮುಚ್ಚಬೇಡಿ. ಎರಿ ಹೊಲದ ದಾರಿಯಲ್ಲಿ ಹೋಗಿಬಂದ ದಿನವೇ, ಕೆಸರು ಗಟ್ಟಿಯಾಗುವ ಮೊದಲು, ತಳಕ್ಕೆ ಪೈಪಿನಿಂದ ನೀರು ಬಿಟ್ಟು ತೊಳೆಯಿರಿ.